ರುದ್ರಮುನಿ ಆರಿಸಿದ ಎಂಜಿನ್

ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ಖಾಲಿಯಾಗುವುದರೊಳಗೆ ಒಪ್ಪಿಕೊಂಡು ಬಂದವರನ್ನು ನಮ್ಮ ಹೊನ್ನಾಳಿಯಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ. ಒಂದು ಹಳೇ ಎಂಜಿನ್ ಒಪ್ಪಿಕೊಳ್ಳಲು ಎಂಟು ದಿನ ತೆಗೆದುಕೊಂಡವನು ಒಬ್ಬನೇ, ಮೆಕ್ಯಾನಿಕ್ ರುದ್ರಮುನಿ. ಅವನ ಗ್ಯಾರೇಜಿನ ಎದುರಿಗೇ ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿ. ಹತ್ತೊಂಬತ್ತು ವರ್ಷ ಅವನ ಬೆನ್ನು ನೋಡುತ್ತ ಕೂತಿದ್ದೇನೆ. ಮುಖ ಕಾಣುವುದು ಅಪರೂಪ, ಅದು ಯಾವಾಗಲೂ ಯಾವುದಾದರೊಂದು ಬಾನೆಟ್ಟಿನ ಒಳಗಿರುತ್ತಿತ್ತು.

ಅವನ ಕಸುಬನ್ನು ಹೊಗಳಲು ನಾನಿದನ್ನು ಬರೆಯುತ್ತಿಲ್ಲ. ಅವನು ಒಂದು ಮಾತು ಹೇಳಬೇಕಾಗಿತ್ತು. ನಾಲ್ಕು ವರ್ಷ ಹೇಳಲಿಲ್ಲ. ಆ ಮಾತು ನನಗೂ ಗೊತ್ತಿತ್ತು, ನಾನೂ ಬಾಯಿ ಬಿಡಲಿಲ್ಲ. ನಮ್ಮಿಬ್ಬರ ಬಾಯಿಗೆ ಹಾಕಿದ ಬೀಗದ ಭಾರವನ್ನು ಹೊತ್ತವಳು ಅವನ ತಂಗಿ ಕಲ್ಪನಾ.

ಕಲ್ಪನಾಳ ಕೈಗುಣ ಒಂದು ಕಾಲಕ್ಕೆ ನಾಲ್ಕು ತಾಲ್ಲೂಕಿಗೆ ಗೊತ್ತಿತ್ತು. ಅದು ಶುರುವಾದದ್ದು ಹೀಗೆ. ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಅಣ್ಣನಿಗೆ ಬುತ್ತಿ ತಂದಿದ್ದಳು. ಸಾಸ್ವೆಹಳ್ಳಿಯವರ ಜೀಪೊಂದಕ್ಕೆ ಬೇರೆ ಎಂಜಿನ್ ಕೂರಿಸಿ ಬೆಳಗಿನಿಂದ ಒದ್ದಾಡುತ್ತಿದ್ದರು, ಅದು ಏನು ಮಾಡಿದರೂ ಏಳುತ್ತಿರಲಿಲ್ಲ. 'ನೀನೊಂದ್ಸಲ ತಿರುಗ್ಸು ನೋಡನ' ಎಂದು ಯಾರೋ ತಮಾಷೆಗೆ ಅಂದರು. ಬುತ್ತಿಯನ್ನು ಎಡಗೈಲಿ ಹಿಡಿದುಕೊಂಡೇ ಅವಳು ಕೀಲಿ ತಿರುಗಿಸಿದಳು. ಜೀಪು ಗುಡುಗಿತು. ಡೀಸೆಲ್ ಪೈಪಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಅಷ್ಟೊತ್ತಿಗೆ ಹೋಗಿತ್ತು, ಅಷ್ಟೇ ಕಾರಣ ಎಂದು ರುದ್ರಮುನಿ ನನಗೆ ಆಮೇಲೆ ಹೇಳಿದ. ಜೀಪಿನವರಿಗೆ ಹೇಳಲಿಲ್ಲ. ಅಲ್ಲಿಂದ ಅವನ ಗ್ಯಾರೇಜಿನಲ್ಲಿ ಅದೊಂದು ಪದ್ಧತಿಯೇ ಆಯಿತು. ಎಂಜಿನ್ ಬದಲಿಸಿದ ಗಾಡಿಗೆ ವಿಭೂತಿ ಹಚ್ಚಿ ಕಾಯಿ ಒಡೆದ ಮೇಲೆ ಮೊದಲ ಕೀಲಿ ಕಲ್ಪನಾಳದು. ನ್ಯಾಮತಿಗೆ ಮದುವೆಯಾಗಿ ಹೋದ ಮೇಲೂ ಬಸ್ಸಿನಲ್ಲಿ ಬಂದು ತಿರುಗಿಸಿ ಹೋಗುತ್ತಿದ್ದಳು. ಗಾಡಿಯವರು ಅವಳಿಗೆ ಕುಂಕುಮ ಹಚ್ಚಿ, ಕುಬಸದ ಕಣದಲ್ಲಿ ತೆಂಗಿನಕಾಯಿ ಇಟ್ಟು ಕೊಡುತ್ತಿದ್ದರು. ಅವಳಿಗೆ ಅದರಲ್ಲಿ ಹೆಮ್ಮೆಯಿತ್ತು, ಯಾಕಿರಬಾರದು?

ಅವಳ ಗಂಡ ನಾಗರಾಜ್ ನ್ಯಾಮತಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಮದುವೆ ಕಾಲದಲ್ಲಿ ಅವನು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಚನ್ನಗಿರಿಯಲ್ಲಿ ತಾಳಿ, ಮಧ್ಯಾಹ್ನ ಜಗಳೂರಿನಲ್ಲಿ ತಾಳಿ, ಎರಡು ಕಡೆಯೂ ಇವನೇ ಬೇಕು. ಇವನ ಕಾರೋ ಸಾವಿರ ಸಿಸಿಯ ಹಳೇ ಬಿಳಿ ಕಾರು. ಕ್ಯಾಮೆರಾ, ಲೈಟು, ಸ್ಟ್ಯಾಂಡು, ಜೊತೆಗೆ ಮೂರು ಜನ ಕೂತರೆ ಸಣ್ಣ ಏರಿಗೂ ಏದುಸಿರು ಬಿಡುತ್ತಿತ್ತು. ಬೇರೆ ಕಾರು ತಗೋ ಎಂದರೆ ಕೇಳಲಿಲ್ಲ. 'ಈ ಕಾರಲ್ಲೇ ಕಲ್ಪನಾನ ಮನೆ ತುಂಬಿಸ್ಕೊಂಡೀನಿ ಭಾವ. ಎಂಜಿನ್ ಒಂದು ದೊಡ್ಡದು ಹಾಕಿಕೊಡಿ ಸಾಕು' ಎಂದು ರುದ್ರಮುನಿಗೆ ಗಂಟುಬಿದ್ದ. ಅದೇ ಕಂಪನಿಯ ದೊಡ್ಡ ಕಾರಿನ ಸಾವಿರದ ಮುನ್ನೂರು ಸಿಸಿ ಎಂಜಿನ್ ಇದರೊಳಗೆ ಕೂರುತ್ತದೆ ಎನ್ನುವುದು ಗ್ಯಾರೇಜಿನವರಿಗೆಲ್ಲ ಗೊತ್ತು. ಹಾಕಿದರೆ ಮೇಕೆಗೆ ಎತ್ತಿನ ಎದೆ ಕಟ್ಟಿದ ಹಾಗೆ.

ಚನ್ನಗಿರಿಯ ಒಂದು ಗುಜರಿಯಲ್ಲಿ ಅಂಥ ಮೂರು ಎಂಜಿನ್‌ಗಳಿವೆ ಎಂದು ಸುದ್ದಿ ಬಂತು. ನಾವು ಮೂವರೂ ಹೋದೆವು. ಏಪ್ರಿಲ್ ಕೊನೆ, ನೆತ್ತಿ ಸುಡುವ ಬಿಸಿಲು. ಗುಜರಿ ಸಾಹೇಬರು ಮೊದಲು ತೋರಿಸಿದ್ದು ಬೆಳ್ಳಿ ಬಣ್ಣ ಬಳಿದ ಎಂಜಿನ್. ಬ್ಯಾಟರಿ ತಂತಿ ತಾಗಿಸಿದ್ದೇ ತಡ, ಅರ್ಧ ಸುತ್ತಿನಲ್ಲೇ ಎದ್ದು ಸಣ್ಣಗೆ ಹಾಡತೊಡಗಿತು. ನಾಗರಾಜನ ಕಣ್ಣು ಅರಳಿತು. ರುದ್ರಮುನಿ ಅದನ್ನು ನಿಲ್ಲಿಸಲು ಹೇಳಿದ.

'ತಂತಿ ತಾಗ್ಸೋಕೆ ಮುಂಚೆ ಕೈ ಇಟ್ಟು ನೋಡ್ದೆ. ಬಿಸಿ ಇತ್ತು. ನಾವು ಬರೋ ಹೊತ್ತಿಗೆ ಒಂದು ಸಲ ಓಡ್ಸಿ ಇಟ್ಟೀರಿ ಸಾಹೇಬ್ರೆ.'

'ಇಲ್ರೀ ಮೇಸ್ತ್ರಿ. ಬಿಸ್ಲಿಗೆ ಕಾದೈತೆ.'

ರುದ್ರಮುನಿ ಪಕ್ಕದ ಎಂಜಿನ್ ಮೇಲೆ ಕೈ ಇಟ್ಟ. 'ಹಂಗಾದ್ರೆ ಇದಕ್ಕೆ ಬ್ಯಾರೆ ಸೂರ್ಯ ಬರ್ತಾನಾ?'

ಸಾಹೇಬರು ನಕ್ಕುಬಿಟ್ಟರು. ಬಿಸಿ ಎಂಜಿನ್ನನ್ನೂ ಹೆಣ್ಣು ನೋಡುವ ದಿನದ ಮನೆಯನ್ನೂ ನಂಬಬಾರದು ಎನ್ನುವುದು ರುದ್ರಮುನಿಯ ಸಿದ್ಧಾಂತ. ಸವೆದ ಎಂಜಿನ್ ತಣ್ಣಗಿದ್ದಾಗ ಮಾತ್ರ ನಿಜ ಹೇಳುತ್ತದೆಯಂತೆ. ಎರಡನೆಯದರ ಎಣ್ಣೆ ಮುಚ್ಚಳ ಬಿಚ್ಚಿ ತಿರುಗಿಸಿ ನೋಡಿದ, ಒಳಗೆ ಮಜ್ಜಿಗೆಯ ನೊರೆಯಂಥದ್ದು ಮೆತ್ತಿತ್ತು. ಎಣ್ಣೆಗೆ ನೀರು ಸೇರಿದೆ ಎಂದು ಅರ್ಥ. ಮುಚ್ಚಳ ಹಾಕಿ ಎದ್ದ.

ಮೂರನೆಯದು ಹಿಂದೆ ಟೈರುಗಳ ಸಂದಿಯಲ್ಲಿತ್ತು, ಜಿಡ್ಡು ಮೆತ್ತಿಕೊಂಡು ನೋಡಲು ಹೇಸಿಗೆ. ಜಗಳೂರಿನ ಮೇಷ್ಟ್ರೊಬ್ಬರ ಕಾರಿನದಂತೆ, ಹಿಂದಿನಿಂದ ಲಾರಿ ಗುದ್ದಿ ಕಾರು ಗುಜರಿಗೆ ಬಂದಿತ್ತು. ಮುಂಭಾಗಕ್ಕೆ ಏನೂ ಆಗಿರಲಿಲ್ಲ. ರುದ್ರಮುನಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತವನು ಎರಡು ಗಂಟೆ ಏಳಲಿಲ್ಲ. ಎಣ್ಣೆ ಇಳಿಸಿ ಅದರಲ್ಲಿ ಅಯಸ್ಕಾಂತ ಆಡಿಸಿದ, ಕಬ್ಬಿಣದ ಪುಡಿ ಅಂಟಲಿಲ್ಲ. ನಾಲ್ಕೂ ಸಿಲಿಂಡರಿಗೆ ಗೇಜು ಹಾಕಿ ಒತ್ತಡ ನೋಡಿದ, ನಾಲ್ಕೂ ಒಂದೇ ಸಮ. ಅಷ್ಟಾದರೂ ಒಪ್ಪಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅದು ಪೂರ್ತಿ ತಣ್ಣಗಿದ್ದಾಗ ಇನ್ನೊಮ್ಮೆ ಬಂದು, ಎಬ್ಬಿಸಿ, ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದು ತುದಿಯನ್ನು ಕಿವಿಗೂ ಹಚ್ಚಿ ಕಣ್ಣು ಮುಚ್ಚಿದ. ಹೀಗೆ ಇನ್ನೆರಡು ಸಲ. ಎಂಟನೆಯ ದಿನ 'ಇದಾಗ್ಬೋದು' ಎಂದ. ನಾಗರಾಜನಿಗೆ ಕೊನೆಯವರೆಗೂ ಆ ಬೆಳ್ಳಿ ಬಣ್ಣದ ಮೇಲೇ ಮನಸ್ಸಿತ್ತು.

ಎಂಜಿನ್ ಕೂರಿಸುವಾಗಲೇ ರುದ್ರಮುನಿ ಹೇಳಿದ್ದ, 'ಈ ಕಾರಿನ ಹಳೇ ಬ್ರೇಕು ಈ ಎಂಜಿನ್ನ ತಡೆಯಾಕಿಲ್ಲ. ದೊಡ್ಡ ಡಿಸ್ಕು, ಅದರ ಸೆಟ್ಟು ಎಲ್ಲಾ ಹಾಕ್ಬೇಕು. ಅದಾಗೋವರ್ಗೂ ಕಾರು ಹೊರಗೆ ಹೋಗಾಂಗಿಲ್ಲ.' ನನ್ನ ಅಂಗಡಿಯಿಂದಲೇ ಆರ್ಡರ್ ಹೋಯಿತು. ಎಂಜಿನ್ ಕೂತಿತು, ಡಿಸ್ಕು ಬರಲಿಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ನಾನು ಹೇಳುತ್ತಲೇ ಇದ್ದೆ.

ಅಷ್ಟರಲ್ಲಿ ಒಂದೇ ದಿನ ಎರಡು ಮುಹೂರ್ತ ಬಂತು. ಬೆಳಿಗ್ಗೆ ಏಳಕ್ಕೆ ಚನ್ನಗಿರಿ, ಹನ್ನೊಂದೂವರೆಗೆ ಜಗಳೂರು. ಹಿಂದಿನ ದಿನ ಮಧ್ಯಾಹ್ನ ನಾಗರಾಜ್ ಕಲ್ಪನಾಳನ್ನು ಕರೆದುಕೊಂಡೇ ಗ್ಯಾರೇಜಿಗೆ ಬಂದ. ಬ್ರೇಕಿನ ಮಾತು ಅವಳ ಕಿವಿಗೆ ಬೀಳದಿರಲೆಂದು ಅವಳನ್ನು ಕಾಯಿ ತರಲು ಕಳಿಸಿದ. 'ಒಂದೇ ದಿನ ಭಾವ. ಮುಹೂರ್ತ ನನ್ನನ್ನ ಕಾಯಾಕಿಲ್ಲ. ನಾಳೆ ಸಂಜೆ ತಂದು ಬಿಡ್ತೀನಿ' ಎಂದ. ರುದ್ರಮುನಿ ಆಗಲ್ಲ ಎಂದ, ಬೈದ, ಸುಮ್ಮನಾದ. ತಂಗಿಯ ಗಂಡ, ಕೈ ಹಿಡಿದುಕೊಂಡು ಕೇಳುತ್ತಿದ್ದಾನೆ. ಕೊನೆಗೆ 'ಅರವತ್ತು ದಾಟಬ್ಯಾಡ' ಎಂದು ಹೇಳಿ ವಿಭೂತಿ ಹಚ್ಚಿದ. ಎಂಟು ದಿನ ಎಂಜಿನ್ನಿಗೆ ಕಿವಿಗೊಟ್ಟು ಕೂತವನು ತನ್ನ ಮಾತನ್ನು ತಾನೇ ಕೇಳದೆ ಹೋದ. ಅವಳು ತಂದ ಕಾಯಿ ಒಡೆದಾದ ಮೇಲೆ ಕಲ್ಪನಾ ನಗುತ್ತ ಕೀಲಿ ತಿರುಗಿಸಿದಳು. ಆ ಎಂಜಿನ್ ಅಷ್ಟು ಸಣ್ಣಗೆ ಎದ್ದಿತೆಂದರೆ, ಎದ್ದದ್ದು ಗೊತ್ತಾಗದೆ ಅವಳು ಇನ್ನೊಮ್ಮೆ ತಿರುಗಿಸಲು ಹೋದಳು.

ಅವತ್ತು ಸಂಜೆ ಆರು ಗಂಟೆಗೆ ಡಿಸ್ಕಿನ ಪೆಟ್ಟಿಗೆ ನನ್ನ ಅಂಗಡಿಗೆ ಬಂತು.

ಹೌದು, ಬಂತು. ಅಣ್ಣನ ಮಗನ ನಿಶ್ಚಿತಾರ್ಥಕ್ಕೆ ಹೊರಟು ನಿಂತಿದ್ದೆ. ಒಂದು ಫೋನ್ ಮಾಡಿದ್ದರೆ ರುದ್ರಮುನಿ ನ್ಯಾಮತಿಗೆ ಓಡಿಹೋಗಿ ಕಾರನ್ನು ತಡೆಯುತ್ತಿದ್ದ. ಹೇಗೂ ನಾಳೆ ಸಂಜೆ ಕಾರು ಬರುತ್ತದಲ್ಲ ಎಂದುಕೊಂಡು ಪೆಟ್ಟಿಗೆಯನ್ನು ಒಳಗಿಟ್ಟು ಬಾಗಿಲು ಎಳೆದೆ.

ಚನ್ನಗಿರಿಯ ತಾಳಿ ಮುಗಿಸಿ ನಾಗರಾಜ್ ಜಗಳೂರಿಗೆ ಹೊರಟ. ಜೊತೆಯವರನ್ನು ಸಾಮಾನಿನ ಸಮೇತ ಮದುವೆ ಮನೆಯವರ ವ್ಯಾನಿನಲ್ಲಿ ಮುಂದೆ ಕಳಿಸಿದ್ದ. ಸೂಳೆಕೆರೆಯ ಹತ್ತಿರದ ತಿರುವಿನಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು. ಇವನು ಬ್ರೇಕ್ ತುಳಿದಿದ್ದಾನೆ. ರಸ್ತೆಯ ಮೇಲೆ ಟೈರಿನ ಗುರುತು ಉದ್ದಕ್ಕೆ ಇತ್ತು. ಕಾರು ನಿಲ್ಲದೆ ಅಡ್ಡ ತಿರುಗಿ, ಅವನು ಕೂತಿದ್ದ ಬಾಗಿಲೇ ಹುಣಸೆ ಮರಕ್ಕೆ ಬಡಿದಿತ್ತು. ಎಂಜಿನ್ನಿಗೆ ಒಂದು ಗೀರೂ ಬಿದ್ದಿರಲಿಲ್ಲ. ತಾವು ಓಡಿ ಬಂದಾಗಲೂ ಅದು ಚಾಲೂ ಇತ್ತು ಎಂದು ಕೆರೆಯಲ್ಲಿ ಮೀನು ಹಿಡಿಯುವವರೊಬ್ಬರು ಹೇಳಿದರು, ಅವರೇ ಕೀಲಿ ತಿರುಗಿಸಿ ನಿಲ್ಲಿಸಿದ್ದಂತೆ.

ನ್ಯಾಮತಿಯಲ್ಲಿ ಮಣ್ಣಿಗೆ ಒಯ್ಯುವ ಮೊದಲು ನಾಗರಾಜನ ತಾಯಿ ಸರ್ವಮಂಗಳಮ್ಮ ಎದೆ ಬಡಿದುಕೊಳ್ಳುತ್ತ ಸೊಸೆಯ ಬಲಗೈಯನ್ನು ಎಲ್ಲರ ಮುಂದೆ ಎತ್ತಿ ತೋರಿಸಿದರು. 'ಊರೋರ ಗಾಡಿಗೆಲ್ಲ ಒಳ್ಳೇದು ಮಾಡ್ತು ಈ ಕೈ. ನನ್ನ ಮಗನ್ನ ಮಾತ್ರ ತಿಂತು!' ಮಗ ಸತ್ತ ತಾಯಿಯ ಮಾತು, ಅದಕ್ಕೆ ತಲೆಬುಡ ಇರುವುದಿಲ್ಲ. ಆದರೆ ಕೂತಿದ್ದ ನೂರು ಜನರಲ್ಲಿ ಅಲ್ಲ ಎನ್ನಬಲ್ಲವರು ಇಬ್ಬರಿದ್ದೆವು. ರುದ್ರಮುನಿ ಬಾಯಿ ತೆರೆದದ್ದನ್ನು ನಾನು ಕಂಡೆ. ಮುಚ್ಚಿದ್ದನ್ನೂ ಕಂಡೆ. ನಾನು ತೆರೆಯಲೂ ಇಲ್ಲ.

ಮೂರನೆಯ ದಿನ ಹೇಳುತ್ತೇನೆ ಅಂದ ರುದ್ರಮುನಿ. ಶಿವಗಣಾರಾಧನೆ ಕಳೆಯಲಿ ಅಂದ. ವರ್ಷದ ಕಾರ್ಯ ಮುಗಿಯಲಿ ಅಂದ. ಪೊಲೀಸರು ಅತಿವೇಗ ಎಂದು ಬರೆದುಕೊಂಡು ಹೋದರು, ಊರಿನವರು ಕೈಗುಣ ಎಂದು ಬಾಯಿಪಾಠ ಮಾಡಿಕೊಂಡರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಗಾದೆ ಕಟ್ಟಿದವನು ನನ್ನಂಥ ಹೇಡಿಯೇ ಇರಬೇಕು.

ಕಲ್ಪನಾ ಮಗಳು ಪವಿತ್ರಳನ್ನು ಇಟ್ಟುಕೊಂಡು ಅತ್ತೆಯ ಜೊತೆ ನ್ಯಾಮತಿಯಲ್ಲೇ ಉಳಿದಳು. ಹೊಲಿಗೆ ಕಲಿತಿದ್ದಳು, ಮಿಷನ್ ಹಾಕಿಕೊಂಡು ಕೂತಳು. ಹರಿದದ್ದು ಹೊಲಿಸಲು, ಫಾಲ್ ಹಚ್ಚಿಸಲು ಹೆಂಗಸರು ಬಂದರು. ಮದುಮಗಳ ಕುಬಸ ಮಾತ್ರ ಯಾರೂ ತರಲಿಲ್ಲ. ಮೊದಮೊದಲು ಅವಳು ಬೇಜಾರು ಮಾಡಿಕೊಂಡಳು, ಆಮೇಲೆ ತಾನೇ ನಂಬಿಬಿಟ್ಟಳು. ಹೊಸ ಬಟ್ಟೆಗೆ ಮೊದಲ ಕತ್ತರಿ ಹಾಕಲು ಪಕ್ಕದ ಮನೆ ಹುಲಿಗೆಮ್ಮನನ್ನು ಕರೆಯುವಳು. ಹೊಸ ಒಲೆ ಬಂದರೆ ಅತ್ತೆಯ ಕೈಲಿ ಹಚ್ಚಿಸುವಳು. ಯಾವುದನ್ನೂ ಅವಳು ಮೊದಲು ಮುಟ್ಟುವುದಿಲ್ಲ ಎಂದು ಹುಲಿಗೆಮ್ಮನೇ ಒಮ್ಮೆ ನನ್ನ ಅಂಗಡಿಗೆ ಬಂದಾಗ ಹೇಳಿದ್ದು. ಕೇಳಿ ನಾನು ಪ್ಲಗ್ಗು ಎಣಿಸುತ್ತ ಕೂತೆ.

ಇತ್ತ ರುದ್ರಮುನಿ ಎಂಜಿನ್ ಆರಿಸುವುದನ್ನೇ ಬಿಟ್ಟ. ಯಾರು ಬಂದು ಕೇಳಿದರೂ 'ಇರೋದೇ ಸಾಕು ಬಿಡ್ರಿ' ಎಂದು ಕಳಿಸುತ್ತಿದ್ದ. ನಾಗರಾಜನ ಕಾರಿನ ಎಂಜಿನ್ ಗ್ಯಾರೇಜಿನ ಮೂಲೆಯಲ್ಲಿ ತಾಡಪಾಲಿನ ಕೆಳಗಿತ್ತು. ಸೋಮವಾರ ಸೋಮವಾರ ತಾಡಪಾಲು ಸರಿಸಿ, ಸ್ಪ್ಯಾನರ್ ಹಾಕಿ ನಾಲ್ಕು ಸುತ್ತು ತಿರುಗಿಸಿ ಮುಚ್ಚುತ್ತಿದ್ದ, ಒಳಗೆ ತುಕ್ಕು ಹಿಡಿದು ಬಿಗಿದುಕೊಳ್ಳಬಾರದೆಂದು. 'ಮಾರಿಬಿಡು, ಇಲ್ಲಾಂದ್ರೆ ಎಸಿ' ಎಂದು ಒಂದು ದಿನ ನಾನು ರೇಗಿದೆ.

'ಕೆಟ್ಟ ಎಂಜಿನ್ ಆರ್ಸಿದ್ರೆ ಅವನು ಉಳೀತಿದ್ದ ಮುತ್ತಣ್ಣ' ಎಂದ. 'ಆ ಬೆಳ್ಳಿ ಬಣ್ಣದ್ದು ಹಾಕಿದ್ರೆ ಚನ್ನಗಿರಿ ದಾಟ್ತಾನೂ ಇರ್ಲಿಲ್ಲ. ಕೆಟ್ಟು ನಿಂತಿರೋದು. ನನ್ನ ಬೈಕೊಂಡು ಬಸ್ಸು ಹತ್ತಿರೋನು.'

ನಾನು ರಸ್ತೆ ದಾಟಿ ಅಂಗಡಿಗೆ ವಾಪಸು ಬಂದೆ.

ಈ ವರ್ಷದ ಮಾರ್ಚಿನಲ್ಲಿ ಜಗಳೂರಿನಿಂದ ತಿಪ್ಪೇರುದ್ರಸ್ವಾಮಿ ಎಂಬ ದೊಡ್ಡ ರೈತರು ಬಂದರು. ಅವರ ಹಳೇ ಜೀಪಿಗೆ ಬಲವಾದ ಎಂಜಿನ್ ಬೇಕಿತ್ತು, ಆರಿಸಲು ರುದ್ರಮುನಿಯೇ ಬೇಕಿತ್ತು. ಮೂರನೆಯ ಸಲ ಬಂದಿದ್ದರು. ಅವತ್ತು ರುದ್ರಮುನಿ ಯಾಕೋ ಮೆತ್ತಗಾಗಿದ್ದ. 'ಮೊದ್ಲು ಬ್ರೇಕು, ಆಮೇಲೆ ಎಂಜಿನ್ನು. ಒಪ್ಪಿದ್ರೆ ನೋಡನ' ಎಂದ. ಅವರು ಒಪ್ಪಿದರು. ಹೊರಡುವಾಗ ದನಿ ತಗ್ಗಿಸಿ ಒಂದು ಮಾತು ಸೇರಿಸಿದರು.

'ಬ್ಯಾಸರ ಮಾಡ್ಕೋಬ್ಯಾಡ್ರಿ ರುದ್ರಣ್ಣ. ಕೀಲಿ ತಿರುಗ್ಸಾಕೆ ಮಾತ್ರ ನಿಮ್ ತಂಗೀನ ಕರೀಬ್ಯಾಡ್ರಿ. ಸಣ್ಣ ಮಕ್ಳು ಓಡಾಡೋ ಗಾಡಿ ಅದು.'

ಅವರು ಕೆಟ್ಟವರಲ್ಲ, ಮೊಮ್ಮಕ್ಕಳಿಗೆ ಏನಾದರೂ ಆದೀತೆಂಬ ಭಯ. ರುದ್ರಮುನಿ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಎಣ್ಣೆ ಕೈಯನ್ನು ಒರೆಸಿಕೊಳ್ಳದೆ ರಸ್ತೆ ದಾಟಿ ನನ್ನ ಅಂಗಡಿಗೆ ಬಂದ.

'ಆ ಪೆಟ್ಟಿಗೆ ಐತಾ?'

ಇತ್ತು. ನಾಲ್ಕು ವರ್ಷದಿಂದ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ, ನನ್ನ ಕಣ್ಣಿಗೆ ಬೀಳದ ಹಾಗೆ. ಇಳಿಸಿದೆ. ಇಬ್ಬರೂ ನನ್ನ ಬೈಕಿನಲ್ಲಿ ನ್ಯಾಮತಿಗೆ ಹೋದೆವು. ದಾರಿಯುದ್ದಕ್ಕೂ ಅವನು ಪೆಟ್ಟಿಗೆಯನ್ನು ತೊಡೆಯ ಮೇಲೆ ಅಪ್ಪಿ ಹಿಡಿದಿದ್ದ.

ಮಧ್ಯಾಹ್ನದ ಹೊತ್ತು. ಸರ್ವಮಂಗಳಮ್ಮ ಪಡಸಾಲೆಯಲ್ಲಿ ಅವರೆಕಾಳು ಆರಿಸುತ್ತಿದ್ದರು, ಕಲ್ಪನಾ ಮಿಷನ್ನಿನ ಮುಂದಿದ್ದಳು. 'ಇದೇನಣ್ಣ, ಕೈ ಸೈತ ತೊಳೀದೆ ಬಂದೀಯ' ಎನ್ನುತ್ತ ನೀರು ತರಲು ಎದ್ದಳು. ರುದ್ರಮುನಿ ಅವಳನ್ನು ಕೂರಿಸಿದ. ನಿಂತುಕೊಂಡೇ ಹೇಳಿದ.

'ಕಲ್ಪನಾ, ನಾಗರಾಜನ ಕಾರಿಗೆ ಬ್ರೇಕ್ ಆಗಿರ್ಲಿಲ್ಲ. ಹಳೇದೇ ಇತ್ತು. ಅದು ತಡೆಯಾಕಿಲ್ಲ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟು ಕಳಿಸ್ದೆ. ನಿನ್ನ ಕೈದೇನೂ ಇಲ್ಲ. ತಪ್ಪು ನಂದು.'

ಮಿಷನ್ನಿನ ಚಕ್ರ ಇನ್ನೂ ಸಣ್ಣಗೆ ತಿರುಗುತ್ತಿತ್ತು. ಕಲ್ಪನಾ ಅದನ್ನು ಅಂಗೈಯಿಂದ ನಿಲ್ಲಿಸಿದಳು. ಪೆಟ್ಟಿಗೆಯ ಮುಚ್ಚಳ ತಾನೇ ತೆಗೆದಳು. ಎಣ್ಣೆ ಕಾಗದದೊಳಗೆ ಡಿಸ್ಕುಗಳು ಹೊಸದಾಗಿಯೇ ಇದ್ದವು, ಮುಖ ಕಾಣುವಷ್ಟು.

'ಇದು ಯಾವತ್ತು ಬಂತು?'

ಅವಳ ಈ ಪ್ರಶ್ನೆ ನನ್ನ ಪಾಲಿನದು. ನಾನೇ ಉತ್ತರಿಸಬೇಕಿತ್ತು. 'ಹಿಂದಿನ ದಿನ ಸಂಜೆ, ಕಲ್ಪನಾ. ನಾನು ಫೋನ್ ಮಾಡ್ಲಿಲ್ಲ' ಎಂದೆ.

ಅವಳು ಅಳುತ್ತಾಳೆ, ಇಲ್ಲ ಆ ಡಿಸ್ಕು ಎತ್ತಿ ನಮ್ಮ ಮುಖಕ್ಕೆ ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ತನ್ನ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತಿದ್ದಳು.

'ನಾಲ್ಕು ವರ್ಷ ಆತು ಅಣ್ಣ, ನಾನು ಪವಿತ್ರನ ತಲೆ ಬಾಚಿಲ್ಲ' ಎಂದಳು. 'ಜ್ವರ ಬಂದು ಮಲಗಿದ್ಲು, ಹಣೆ ಮುಟ್ಟಿ ನೋಡ್ಲಿಲ್ಲ. ಮೊದಲ್ನೇ ಸಲ ಪಬ್ಲಿಕ್ ಪರೀಕ್ಷೆಗೆ ಹೊರಟು ಮೊನ್ನೆ ಕಾಲಿಗೆ ಬಿದ್ಲು. ಅಮ್ಮ ತಲೆ ಮ್ಯಾಲೆ ಕೈ ಇಡ್ತಾಳೆ ಅಂತ ಕಾದ್ಲು. ಕೈ ಹಿಂದೆ ಕಟ್ಕೊಂಡೆ. ಇದೊಂದಾದ್ರೂ ಉಳೀಲಿ ಅಂತ.'

ರುದ್ರಮುನಿ ಗೋಡೆಗೆ ಒರಗಿದ. ಸರ್ವಮಂಗಳಮ್ಮನ ಮಡಿಲಿನಿಂದ ಅವರೆಕಾಳಿನ ಮೊರ ಜಾರಿ ಕಾಳೆಲ್ಲ ಚೆಲ್ಲಿತು. ಅವರು ಆರಿಸಿಕೊಳ್ಳಲಿಲ್ಲ. 'ಅಯ್ಯೋ ನನ್ನ ಬಾಯಿಗೆ...' ಎಂದವರು ಸೆರಗು ಬಾಯಿಗಿಟ್ಟುಕೊಂಡರು.

ಕಲ್ಪನಾ ಎದ್ದಳು. ಕ್ಷಮಿಸಿದೆ ಎನ್ನಲಿಲ್ಲ, ಯಾಕೆ ಅನ್ನಬೇಕು? ಗೂಡಿನಲ್ಲಿದ್ದ ಬಾಚಣಿಗೆ ತೆಗೆದುಕೊಂಡು ಒಳಕೋಣೆಯ ಬಾಗಿಲಿಗೆ ಹೋಗಿ ಕೂಗಿದಳು. 'ಪವಿತ್ರಾ, ಬಾರೇ ಇಲ್ಲಿ. ತಲೆ ಬಾಚ್ತೀನಿ.'

ಒಳಗೆ ಓದುತ್ತಿದ್ದ ಪವಿತ್ರ ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ಹೊರಗೆ ಬಂದಳು. ಹದಿನೈದರ ಹುಡುಗಿ, ಅಪ್ಪನದೇ ಕಣ್ಣು. ತಾಯಿಯ ಕೈಲಿದ್ದ ಬಾಚಣಿಗೆ ನೋಡಿದಳು. ಕಲ್ಪನಾ ಬಲಗೈ ಎತ್ತಿ ಹತ್ತಿರ ಬಂದಾಗ ಆ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಬೇಕೆಂದು ಸರಿದದ್ದಲ್ಲ, ಕಾಲು ತಾನಾಗಿ ಸರಿಯಿತು.

'ಬ್ಯಾಡಮ್ಮ' ಎಂದಳು ಮೆಲ್ಲಗೆ. 'ನಾಳೆ ಗಣಿತ ಪರೀಕ್ಷೆ ಐತೆ. ಅಜ್ಜಿನೇ ಬಾಚ್ಲಿ.'

ಎತ್ತಿದ ಕೈ ಅಲ್ಲೇ ನಿಂತಿತು. ಆಗ ರುದ್ರಮುನಿ ಗೋಡೆ ಬಿಟ್ಟು ಬಂದು, ಚೆಲ್ಲಿದ ಕಾಳಿನ ಮೇಲೆಯೇ ಆ ಹುಡುಗಿಯ ಮುಂದೆ ಕೂತ.

'ಕೂತ್ಕೋ ಪವಿತ್ರ. ಮಾವ ಒಂದು ಮಾತು ಹೇಳ್ಬೇಕು' ಎಂದ. 'ನಿಮ್ಮಪ್ಪನ ಕಾರಿಗೆ ನಾನು ಒಂದು ಎಂಜಿನ್ ಆರ್ಸಿದ್ದೆ...'

ಮೊದಲಿನಿಂದ ಹೇಳತೊಡಗಿದ. ತಂಗಿಗೆ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದವನಿಗೆ ಈ ಹುಡುಗಿಯ ಮುಂದೆ ಮಾತು ಮತ್ತೆ ಮತ್ತೆ ಕಟ್ಟಿಹೋಗುತ್ತಿತ್ತು. ಅವನು ನಿಂತಲ್ಲಿ ನಾನು ಹೇಳಿದೆ. ಅಷ್ಟು ಹೊತ್ತೂ ಕಲ್ಪನಾ ಬಾಚಣಿಗೆ ಹಿಡಿದುಕೊಂಡು ಮಗಳ ಹಿಂದೆ ನಿಂತೇ ಇದ್ದಳು.